ಅನಂತಮೂರ್ತಿಯವರು ಮೇಷ್ಟ್ರೂ ಆಗಿದ್ದರು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಯು.ಆರ್. ಅನಂತಮೂರ್ತಿಯವರ ಬಗ್ಗೆ ಎರಡು ಪತ್ರ ಬಂದಿದ್ದವು. ಒಂದರಲ್ಲಿ ಅವರು ದೇಶದ್ರೋಹಿ. ಇನ್ನೊಂದರಲ್ಲಿ ಋಷಿ. ಎರಡನ್ನೂ ಎರಡೆರಡು ಸಲ ಓದಿದೆ. ಎರಡರಲ್ಲೂ ಅವರ ಒಂದೇ ಒಂದು ಪುಸ್ತಕದ ಹೆಸರಿಲ್ಲ! ಬೈದವರೂ ಓದಿಲ್ಲ, ಹೊಗಳಿದವರೂ ಓದಿಲ್ಲ ಅಂತ ಅನುಮಾನ ಬಂತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ಹಾಕುವುದಾದರೆ ಹಾಕಿ, ವೆಂಕಟನ ಭಾಗ ಒಂದನ್ನು ಉಳಿಸಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಅನಂತಮೂರ್ತಿಯವರ ಶಿಷ್ಯನಲ್ಲ. ಅವರ ಪಾಠ ಕೇಳಿದವನಲ್ಲ, ಪರಿಚಯವೂ ಇರಲಿಲ್ಲ. ನಾನು ಪಿ.ಯು. ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು. ಇಂಗ್ಲಿಷ್ ಮೇಷ್ಟ್ರಾಗಿದ್ದುಕೊಂಡು ಮನೆಗೆ ಬಂದು ಕನ್ನಡ ಓದುವ, ಕನ್ನಡದಲ್ಲೇ ಯೋಚಿಸುವ ಜಾತಿ. ಹಾಗಾಗಿ ಅವರ ಬಗ್ಗೆ ನನಗಿರುವ ಕುತೂಹಲ ಸ್ವಲ್ಪ ಬೇರೆ ಥರದ್ದು.

ನಾನು ನಿವೃತ್ತನಾಗುವ ವರ್ಷ ತರಗತಿಯಲ್ಲಿ ಅವರ ಹೆಸರು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ತಟ್ಟನೆ ಕೇಳಿದ. "ಸಾರ್, ದೇಶ ಬಿಟ್ಟು ಹೋಗ್ತೀನಿ ಅಂದಿದ್ರಲ್ಲ, ಅವ್ರಾ?" ಪಾಪ, ಅವನ ತಪ್ಪಲ್ಲ. ಅವನ ಮೊಬೈಲಿಗೆ ಬಂದಿದ್ದು ಅಷ್ಟೇ. 2013ರಲ್ಲಿ, ನರೇಂದ್ರ ಮೋದಿ ಆಳುವ ದೇಶದಲ್ಲಿ ಬದುಕಲು ಇಷ್ಟವಿಲ್ಲ ಎಂಬ ಅರ್ಥದ ಮಾತೊಂದನ್ನು ಅವರು ಆಡಿದರು. ಭಾವುಕನಾಗಿ ಆಡಿದ ಮಾತು ಅಂತ ಆಮೇಲೆ ಅವರೇ ಹೇಳಿದರು. ಆ ಮಾತು ನನಗೂ ಸರಿ ಅನ್ನಿಸಿರಲಿಲ್ಲ. ಆದರೆ ಮರುವರ್ಷ ಆಗಸ್ಟ್ 22ರಂದು, ಬಹಳ ಕಾಲ ಡಯಾಲಿಸಿಸ್ ಮಾಡಿಸಿಕೊಂಡು ಹಣ್ಣಾಗಿದ್ದ 81ರ ಮುದುಕರು ತೀರಿಕೊಂಡಾಗ ಕೆಲವು ಕಡೆ ಪಟಾಕಿ ಹೊಡೆದರು ಅಂತ ಪತ್ರಿಕೆಯಲ್ಲಿ ಓದಿದೆನಲ್ಲ, ಆವತ್ತು ರಾತ್ರಿ ಊಟ ಸೇರಲಿಲ್ಲ. ಇನ್ನೊಂದು ತಮಾಷೆ ನೋಡಿ. ಅವರನ್ನು ಬೈಯುವವರು ಇವತ್ತು ಇಂಗ್ಲಿಷಿನಲ್ಲಿ ವಿಳಾಸ ಬರೆಯುವಾಗಲೂ ಬ್ಯಾಂಗಲೋರ್ ಅನ್ನುವುದಿಲ್ಲ, ಬೆಂಗಳೂರು ಅಂತಲೇ ಬರೆಯುತ್ತಾರೆ. ಹಾಗೆ ಬದಲಾಗಲಿ ಎಂದು ಧರ್ಮಸಿಂಗ್ ಮುಖ್ಯಮಂತ್ರಿಯಾಗಿದ್ದಾಗ ಸೂಚಿಸಿದವರು ಇದೇ ಅನಂತಮೂರ್ತಿ. ಅದು ಜಾರಿಗೆ ಬಂದದ್ದು 2014ರ ನವೆಂಬರ್ 1ಕ್ಕೆ. ಎರಡೇ ಎರಡು ತಿಂಗಳು ಕಡಿಮೆ ಬಿತ್ತು.

ಇರಲಿ, ಮೇಷ್ಟ್ರ ವಿಷಯಕ್ಕೆ ಬರುತ್ತೇನೆ.

ಹುಟ್ಟಿದ್ದು 1932ರ ಡಿಸೆಂಬರ್ 21, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆ. ಅಕ್ಷರ ಕಲಿತದ್ದು ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ. ಆಮೇಲೆ ತೀರ್ಥಹಳ್ಳಿ, ಆಮೇಲೆ ಮೈಸೂರು, ಇಂಗ್ಲಿಷ್ ಎಂ.ಎ. ಹಾಸನದಲ್ಲಿ ಪಾಠ ಹೇಳಲು ಶುರು ಮಾಡಿದರು. ಅಲ್ಲಿ ವಿದ್ಯಾರ್ಥಿನಿಯಾಗಿದ್ದ ಎಸ್ತರ್ ಅವರನ್ನು 1956ರಲ್ಲಿ ಮದುವೆಯಾದರು. ಮಾಧ್ವ ಬ್ರಾಹ್ಮಣರ ಹುಡುಗ, ಕ್ರೈಸ್ತರ ಹುಡುಗಿ, ಇಸವಿ 1956. ಆಗಿನ ಮಲೆನಾಡು ಹೇಗಿತ್ತು ಅಂತ ಬಲ್ಲವರಿಗೆ ಇದರ ಮೇಲೆ ಹೆಚ್ಚು ಹೇಳಬೇಕಿಲ್ಲ.

1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಸಿಕ್ಕಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋದರು. ಅಲ್ಲಿ ಮಾಡಿದ ಪಿಎಚ್.ಡಿ. ಯಾವುದರ ಮೇಲೆ ಗೊತ್ತಾ? 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯ. ಲೇಖಕನಾದವನು ರಾಜಕೀಯವನ್ನು ಎಷ್ಟು ಹಚ್ಚಿಕೊಳ್ಳಬೇಕು, ಹಚ್ಚಿಕೊಂಡರೆ ಬರವಣಿಗೆ ಏನಾಗುತ್ತದೆ ಅನ್ನುವ ತಲೆನೋವು ಅವರಿಗೆ ಮೂವತ್ತರ ವಯಸ್ಸಿನಲ್ಲೇ ಇತ್ತು ಅಂತಾಯಿತು. ಕೊನೆಯವರೆಗೂ ಅದು ಬಿಡಲಿಲ್ಲ. ಒಮ್ಮೆ ಲೋಕಸಭೆಗೂ ನಿಂತು ಸೋತರು. ಅದೊಂದು ಬೇಡವಾಗಿತ್ತು ಅಂತ ನನ್ನ ಅಭಿಪ್ರಾಯ.

ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದದ್ದನ್ನು ಅವರೇ ಅನೇಕ ಕಡೆ ಹೇಳಿಕೊಂಡಿದ್ದಾರೆ. ತಮ್ಮ ಗುರು ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಇಂಗ್ಮಾರ್ ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ನೋಡಲು ಹೋದರಂತೆ. ಸ್ವೀಡಿಷ್ ಸಿನಿಮಾ, ಕೆಳಗೆ ಇಂಗ್ಲಿಷ್ ಅಕ್ಷರಗಳೂ ಇರಲಿಲ್ಲ. ಮಾತು ಪೂರ್ತಿ ಅರ್ಥವಾಗದೆ ನೋಡಿದ ಆ ಚಿತ್ರದಲ್ಲಿ ಪ್ಲೇಗು ಬಂದ ಊರು, ದೇವರಿಗಾಗಿ ಒದ್ದಾಡುವ ಮನುಷ್ಯ. ಹೊರಗೆ ಬಂದ ಮೇಲೆ ಇವರು ಗುರುಗಳಿಗೆ ಹೇಳಿದ್ದು ಇದು. ನಿಮಗಾದರೆ ಮಧ್ಯಯುಗ ಅನ್ನುವುದು ಪುಸ್ತಕ ಓದಿ ಕಟ್ಟಿಕೊಳ್ಳಬೇಕಾದದ್ದು, ನಮ್ಮೂರಲ್ಲಿ ಅದು ಇನ್ನೂ ಇದೆ, ನನ್ನೊಳಗೇ ಇದೆ. ಹಾಗಾದರೆ ಅದನ್ನೇ ಬರೆ ಅಂದರಂತೆ ಬ್ರಾಡ್‌ಬರಿ. ಬರೆದದ್ದು ‘ಸಂಸ್ಕಾರ’. 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು. ಇಂಗ್ಲಿಷ್ ಊರಲ್ಲಿ ಕೂತು, ಇಂಗ್ಲಿಷ್ ಪಿಎಚ್.ಡಿ. ನಡುವೆ, ಮಲೆನಾಡಿನ ಅಗ್ರಹಾರದ ಕಥೆಯನ್ನು ಕನ್ನಡದಲ್ಲಿ ಬರೆದರು. ಇಂಗ್ಲಿಷಿನಲ್ಲಿ ಬರೆಯಲು ಬಾರದವರೇನಲ್ಲ, ಅಲ್ವಾ? ಇವತ್ತು ಎಲ್‌ಕೆಜಿ ಮಗುವಿನ ಹತ್ತಿರ ಕನ್ನಡ ಮಾತಾಡಲು ನಾಚುವ ಅಪ್ಪ ಅಮ್ಮಂದಿರನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಅಗ್ರಹಾರದ ನಾರಣಪ್ಪ ಸತ್ತಿದ್ದಾನೆ. ಕುಡಿದವನು, ಮಾಂಸ ತಿಂದವನು, ದೇವರ ಹೊಂಡದ ಮೀನು ಹಿಡಿದವನು, ಹೆಂಡತಿಯನ್ನು ಬಿಟ್ಟು ಕುಂದಾಪುರದ ಚಂದ್ರಿಯನ್ನು ಇಟ್ಟುಕೊಂಡವನು. ಅವನಿಗೆ ಬೆಂಕಿ ಕೊಡುವವರು ಯಾರು? ಹೆಣ ಎತ್ತುವ ತನಕ ಬ್ರಾಹ್ಮಣರು ಊಟ ಮಾಡುವಂತಿಲ್ಲ. ಚಂದ್ರಿ ತನ್ನ ಮೈಮೇಲಿನ ಬಂಗಾರ ಬಿಚ್ಚಿ ಖರ್ಚಿಗೆ ಇಡುತ್ತಾಳೆ. ಅಲ್ಲಿಯವರೆಗೆ ನನಗೆ ಬೇಡ ನಿನಗೆ ಬೇಡ ಅನ್ನುತ್ತಿದ್ದವರಿಗೆಲ್ಲ ಈಗ ಬಂಗಾರ ಕಾಣುತ್ತದೆ. ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು ಗ್ರಂಥ ತಿರುವಿ ತಿರುವಿ ಸುಸ್ತಾಗುತ್ತಾರೆ, ಮಾರುತಿಯ ಗುಡಿಗೆ ಹೋಗಿ ಕೂರುತ್ತಾರೆ. ಮಾರುತಿ ಎಡಕ್ಕೂ ಪ್ರಸಾದ ಕೊಡುವುದಿಲ್ಲ, ಬಲಕ್ಕೂ ಕೊಡುವುದಿಲ್ಲ.

ಆ ಅಗ್ರಹಾರದ ಹೆಸರು ದೂರ್ವಾಸಪುರ. ಕೊನೆಯಲ್ಲಿ ಆಚಾರ್ಯರು ದಾರಿಯಲ್ಲಿ ಸಿಕ್ಕ ಪುಟ್ಟನ ಜೊತೆ ಅಲೆಯುವುದು ಮೇಳಿಗೆಯ ಜಾತ್ರೆಯಲ್ಲಿ. ಅಂದರೆ ತಾನು ಹುಟ್ಟಿದ ಊರು, ಮಂತ್ರ ಕಲಿತ ಊರು, ಎರಡನ್ನೂ ಹೆಸರು ಸಹ ಬದಲಿಸದೆ ತಂದು ಇಟ್ಟಿದ್ದಾರೆ. ಜಾತಿಯವರಿಗೆ ಕೋಪ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಸಿನಿಮಾ ಮಾಡಿದಾಗ ಮದರಾಸಿನ ಸೆನ್ಸಾರಿನವರು ಮೊದಲು ತಡೆ ಹಾಕಿದರು. ಆಮೇಲೆ ಅದೇ ಚಿತ್ರಕ್ಕೆ 1970ರ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಬಂತು. 1976ರಲ್ಲಿ ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದರು. ಅಲ್ಲಿಂದ ‘ಸಂಸ್ಕಾರ’ ಪ್ರಪಂಚ ಸುತ್ತಿತು.

ಆದರೆ ಹೇಳುತ್ತೇನೆ ಕೇಳಿ, ಈ ಕಾದಂಬರಿ ಬಗ್ಗೆ ನಾನು ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಯಾವ ವಿಮರ್ಶಕನದ್ದೂ ಅಲ್ಲ. ಸೆಕೆಂಡ್ ಪಿಯುಸಿಯ ಒಬ್ಬಳು ಹುಡುಗಿಯದ್ದು. ನನ್ನ ಪ್ರತಿ ಕೊಟ್ಟಿದ್ದೆ, ಒಂದು ವಾರ ಇಟ್ಟುಕೊಂಡು ಓದಿ ತಂದುಕೊಟ್ಟಳು. "ಚಂದ್ರಿ ಏನಾದ್ಲು ಸಾರ್?" ಅಂದಳು. ನಾನು ಬಾಯಿ ತೆರೆದೆ, ಉತ್ತರ ಬರಲಿಲ್ಲ. ಹೌದಲ್ಲ! ಅಷ್ಟು ಜನ ಶಾಸ್ತ್ರಿಗಳು ಮಾಡಲಾಗದ ಕೆಲಸವನ್ನು ಅಹ್ಮದ್ ಬ್ಯಾರಿಯ ಗಾಡಿ ಹೇಳಿ, ರಾತ್ರೋರಾತ್ರಿ ಹೆಣ ಸುಟ್ಟು ಮುಗಿಸುವವಳು ಚಂದ್ರಿ. ಅದು ಮುಗಿದ ಮೇಲೆ ಕುಂದಾಪುರದ ಕಡೆ ಹೊರಟುಬಿಡುತ್ತಾಳೆ. ಕಾದಂಬರಿ ಅವಳ ಹಿಂದೆ ಹೋಗುವುದಿಲ್ಲ. ಆಚಾರ್ಯರ ಹಿಂದೆ ಹೋಗುತ್ತದೆ, ಅವರ ಸಂಕಟ, ಅವರ ಪಾಪ, ಅವರ ದಾರಿ. ಹೊಲೆಗೇರಿಯಲ್ಲೂ ಪ್ಲೇಗಿಗೆ ಜನ ಸಾಯುತ್ತಾರೆ, ಗುಡಿಸಲಿಗೆ ಬೆಂಕಿ ಬೀಳುತ್ತದೆ. ಅದು ಕೆಲವೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಸಂಸ್ಕಾರದ ಪ್ರಶ್ನೆ ಏಳುವುದೇ ಇಲ್ಲ. ಋಷಿ ಅಂತ ಬರೆದ ಓದುಗರು ಇದನ್ನೂ ಒಂಚೂರು ಯೋಚಿಸಲಿ.

ತಮ್ಮ ಬರವಣಿಗೆಯ ಈ ಕೊರತೆ ಅವರಿಗೆ ತಿಳಿದಿತ್ತೋ ಏನೋ, 1973ರ ‘ಭಾರತೀಪುರ’ ಓದಿದಾಗ ನನಗೆ ಹಾಗೆ ಅನ್ನಿಸುತ್ತದೆ. ಅದರಲ್ಲಿ ಜಗನ್ನಾಥ ಇಂಗ್ಲೆಂಡಿನಲ್ಲಿ ಓದಿ ಊರಿಗೆ ಬಂದವನು. ಊರಿನ ಹೊಲೆಯರನ್ನು ಮಂಜುನಾಥನ ದೇವಸ್ಥಾನದ ಒಳಗೆ ಕರೆದುಕೊಂಡು ಹೋಗಬೇಕು ಅಂತ ಹೊರಟವನು. ಅದಕ್ಕೆ ಮೊದಲ ಹೆಜ್ಜೆಯಾಗಿ ಮನೆಯ ದೇವರ ಕೋಣೆಯಿಂದ ಸಾಲಿಗ್ರಾಮ ಎತ್ತಿಕೊಂಡು ಅಂಗಳಕ್ಕೆ ಬರುತ್ತಾನೆ. ಹೊಲೆಯರ ಹುಡುಗರು ನಿಂತಿದ್ದಾರೆ. ಮುಟ್ಟಿ ಅನ್ನುತ್ತಾನೆ. ಅವರು ಮುಟ್ಟುವುದಿಲ್ಲ. ಹೆದರಿದ್ದಾರೆ. ಮತ್ತೆ ಹೇಳುತ್ತಾನೆ, ಬೇಡುತ್ತಾನೆ, ಕೊನೆಗೆ ಸಿಟ್ಟಿನಿಂದ ಅಬ್ಬರಿಸುತ್ತಾನೆ. ಅಬ್ಬರಕ್ಕೆ ಹೆದರಿ ಅವರು ಮುಟ್ಟಿ ಹೋಗುತ್ತಾರೆ. ಉದ್ಧಾರ ಮಾಡಲು ಬಂದವನೇ ಆ ಗಳಿಗೆಯಲ್ಲಿ ಹಳೇ ಧಣಿ ಆಗಿಬಿಟ್ಟ! ಅದು ಅವನಿಗೂ ತಿಳಿಯುತ್ತದೆ, ಬರೀ ಖಾಲಿಯಾಗಿ ನಿಲ್ಲುತ್ತಾನೆ. ಸ್ವತಃ ಇಂಗ್ಲೆಂಡಿನಲ್ಲಿ ಓದಿ ಬಂದು, ಲೋಹಿಯಾ ಸಮಾಜವಾದ ಹಚ್ಚಿಕೊಂಡು, ಜಾತಿ ಮೀರಿ ಮದುವೆಯಾದ ಮನುಷ್ಯ ತನ್ನಂಥವನನ್ನೇ ಹೀಗೆ ಕಟಕಟೆಯಲ್ಲಿ ನಿಲ್ಲಿಸಿದ್ದು. ಇವತ್ತು ಫೇಸ್‌ಬುಕ್ಕಿನಲ್ಲಿ ಕ್ರಾಂತಿ ಮಾಡುವ ನಾವೆಲ್ಲ ಅಂಗಳದ ಆ ಪುಟಗಳನ್ನು ವರ್ಷಕ್ಕೊಮ್ಮೆ ಓದಬೇಕು, ನಾನೂ ಸೇರಿ.

ಇದು ಎಲ್ಲಿಂದ ಬಂತು ಅಂದರೆ, ಮೇಷ್ಟ್ರ ಅಭ್ಯಾಸದಿಂದ ಬಂತು ಅಂತ ನನ್ನ ಲೆಕ್ಕ. ಒಳ್ಳೆಯ ಮೇಷ್ಟ್ರು ತರಗತಿಯಲ್ಲಿ ಒಂದು ವಾದ ಹೂಡುತ್ತಾನೆ, ಹುಡುಗರು ಒಪ್ಪಿ ತಲೆ ಆಡಿಸಿದರೆ ತಾನೇ ಎದುರು ವಾದ ಹೂಡುತ್ತಾನೆ. ಅನಂತಮೂರ್ತಿಯವರ ಪ್ರಬಂಧಗಳಲ್ಲೂ ಹಾಗೇ. ಮೊದಲ ಪುಟದಲ್ಲಿ ಹೇಳಿದ್ದನ್ನು ಐದನೇ ಪುಟದಲ್ಲಿ ತಾವೇ ಕೆಡವುತ್ತಾರೆ. ನಿಂತ ನೆಲ ಬದಲಿಸುತ್ತಾರೆ ಅಂತ ಜನ ಆಡಿಕೊಂಡರು. ಕೆಲವು ಸಲ ನನಗೂ ಕಿರಿಕಿರಿ ಆದದ್ದುಂಟು, ನೆಟ್ಟಗೆ ಒಂದು ಮಾತು ಹೇಳಿ ಸ್ವಾಮಿ ಅಂತ. 1981ರಲ್ಲಿ ಅವರು ಶುರು ಮಾಡಿದ ಪತ್ರಿಕೆಗೆ ‘ರುಜುವಾತು’ ಅಂತ ಹೆಸರಿಟ್ಟರು. ಸಾಬೀತು ಮಾಡು, ಸುಮ್ನೆ ಹೇಳಬೇಡ ಅಂತ ತಾನೇ ಅರ್ಥ?

ಕನ್ನಡದಲ್ಲಿ ಇಂಗ್ಲಿಷ್ ಮೇಷ್ಟ್ರುಗಳದ್ದೇ ಒಂದು ದೊಡ್ಡ ಸಾಲು ಇದೆ ಅನ್ನುವುದನ್ನು ಗಮನಿಸಿದ್ದೀರಾ? ಬಿ.ಎಂ.ಶ್ರೀ. ಹಗಲು ಇಂಗ್ಲಿಷ್ ಪಾಠ ಹೇಳಿ ಕನ್ನಡಕ್ಕೆ ಹೊಸ ಕಾವ್ಯದ ದಾರಿ ತೆರೆದರು. ಗೋಕಾಕರು, ಅಡಿಗರು, ಲಂಕೇಶರು, ಶಾಂತಿನಾಥ ದೇಸಾಯಿಯವರು, ಎಲ್ಲ ಇಂಗ್ಲಿಷ್ ಪಾಠ ಹೇಳಿದವರೇ. ಎರಡು ಭಾಷೆಯ ನಡುವೆ ದಿನಾ ಓಡಾಡುವವನಿಗೆ ತನ್ನ ಮನೆಯ ಮಾತು ಹೊಸದಾಗಿ ಕೇಳಿಸುತ್ತದೋ ಏನೋ. ಅನಂತಮೂರ್ತಿಯವರು ಜಗಲಿ ಮತ್ತು ಹಿತ್ತಲು ಅಂತ ಒಂದು ಮಾತು ಹೇಳುತ್ತಿದ್ದರು. ಜಗಲಿಯಲ್ಲಿ ಗಂಡಸರ ಶಾಸ್ತ್ರ, ರಾಜಕೀಯ, ದೊಡ್ಡ ಮಾತು. ಹಿತ್ತಲಲ್ಲಿ ಹೆಂಗಸರ ಕಥೆ, ಗುಟ್ಟು, ಜಾತಿ ಮೀರಿದ ಕೊಡುಕೊಳೆ. ಬರೆಯುವವನಿಗೆ ಹಿತ್ತಲು ಬೇಕು ಎಂಬುದು ಅವರ ವಾದ.

ಹಿತ್ತಲಿನಿಂದಲೇ ಬಂದ ಕಥೆ ‘ಸೂರ್ಯನ ಕುದುರೆ’. ಈಗ ವೆಂಕಟನ ಭಾಗ.

ಪಠ್ಯ ಮುಗಿದ ಮೇಲೆ ಕೊನೆಯ ಪೀರಿಯಡ್ಡಿನಲ್ಲಿ ನಾನು ಹುಡುಗರಿಗೆ ಈ ಕಥೆ ಓದಿ ಹೇಳುತ್ತಿದ್ದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಕಥೆ! ಪ್ರಿನ್ಸಿಪಾಲರಿಗೆ ತಿಳಿದಿತ್ತು, ತಿಳಿಯದವರ ಹಾಗೆ ಇದ್ದರು. ಕಥೆಯಲ್ಲಿ ಓದಿ ದೊಡ್ಡವನಾದವನೊಬ್ಬ ಊರಿಗೆ ಬರುತ್ತಾನೆ, ಬಾಲ್ಯದ ಗೆಳೆಯ ವೆಂಕಟ ಸಿಗುತ್ತಾನೆ. ವೆಂಕಟ ಜೀವನದಲ್ಲಿ ಏನೂ ಆಗಲಿಲ್ಲ. ಬಡವ, ಹೆಂಡತಿಯ ಬೈಗುಳ ದಿನಾ ತಿನ್ನುವವನು, ಬೆಳೆದ ಮಗನಿಗೆ ಅಪ್ಪನೆಂದರೆ ಸಿಟ್ಟು. ಅವನಿಗೆ ಬರುವುದು ಒಂದೇ ವಿದ್ಯೆ, ತಲೆಗೆ ಮೈಗೆ ಎಣ್ಣೆ ಹಚ್ಚಿ ತಿಕ್ಕಿ ಬಿಸಿನೀರು ಹೊಯ್ಯುವುದು. ಗೆಳೆಯನನ್ನು ಕೂರಿಸಿ ಎಣ್ಣೆ ಹಚ್ಚುತ್ತಾನೆ. ನೆತ್ತಿಯ ಮೇಲೆ ಎಣ್ಣೆ ಬೀಳುತ್ತದೆ, ಬೆರಳು ಆಡುತ್ತದೆ. ಓದಿದವನ ಸಿದ್ಧಾಂತ, ಸಿಟ್ಟು, ಹಮ್ಮು ಎಲ್ಲ ಹಬೆಯಲ್ಲಿ ಸಡಿಲವಾಗುತ್ತದೆ. ಇಂಥವನನ್ನು ಎಬ್ಬಿಸಿ, ಬಯ್ದು, ಸರಿ ಮಾಡಬೇಕು ಅಂದುಕೊಂಡವನು ಕೊನೆಗೆ ಅವನ ಪಕ್ಕ ನಿಂತು ಒಂದು ಮಿಡತೆಯನ್ನು ನೋಡುತ್ತಾನೆ. ಆ ಮಿಡತೆಯೇ ಸೂರ್ಯನ ಕುದುರೆ.

ಈ ಕಥೆ ಓದುವಾಗ ಒಂದು ವರ್ಷ ಮುಂದಿನ ಬೆಂಚಿನ ಹುಡುಗ ಕಣ್ಣು ಮುಚ್ಚಿದ್ದ. ನಿದ್ದೆ ಅಂದುಕೊಂಡು ಸೀಮೆಸುಣ್ಣದ ಚೂರು ಎಸೆದೆ. "ಎಚ್ಚರ ಇದ್ದೀನಿ ಸಾರ್, ನಮ್ಮಜ್ಜ ಹೀಗೇ ಎಣ್ಣೆ ಹಚ್ತಿದ್ರು" ಅಂದ. ತರಗತಿ ನಕ್ಕಿತು. ಅವನು ನಗಲಿಲ್ಲ. ಇನ್ನೊಬ್ಬಳು ಎದ್ದು ನಿಂತು, ಹೆಂಡತಿ ಮಕ್ಕಳ ಹೊಟ್ಟೆಗೆ ಹಾಕದೆ ಎಣ್ಣೆ ತಿಕ್ಕುತ್ತಾ ಕೂತವನನ್ನು ಹೊಗಳೋದು ಯಾಕೆ ಸಾರ್ ಅಂತ ಜಗಳಕ್ಕೇ ಬಂದಳು. ಅವತ್ತು ಬೆಲ್ ಹೊಡೆದ ಮೇಲೂ ಇಬ್ಬರೂ ವಾದ ಮಾಡುತ್ತಾ ಬಸ್‌ಸ್ಟ್ಯಾಂಡಿನ ತನಕ ಹೋದರು. ಮೂವತ್ತು ವರ್ಷದಲ್ಲಿ ವರ್ಡ್ಸ್‌ವರ್ತ್ ಬಗ್ಗೆ ಯಾರೂ ಹಾಗೆ ಜಗಳ ಆಡಿದ್ದು ನನಗೆ ನೆನಪಿಲ್ಲ. ವೆಂಕಟ ಸರಿಯೋ ಅವನ ಹೆಂಡತಿ ಸರಿಯೋ ಅಂತ ಕಥೆ ಹೇಳುವುದಿಲ್ಲ. ಬರೆದವರಿಗೂ ತೀರ್ಮಾನ ಆಗಿರಲಿಲ್ಲ ಅಂತ ಕಾಣುತ್ತದೆ.

ಉಳಿದ ಪದವಿಗಳ ಪಟ್ಟಿ ದೊಡ್ಡದು, ಎಲ್ಲರಿಗೂ ಗೊತ್ತಿರುವುದೇ. 1987ರಿಂದ 1991ರವರೆಗೆ ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದ ಕುಲಪತಿ. ಅವರು ಅಲ್ಲಿದ್ದಾಗಲೇ, 1989ರಲ್ಲಿ, ಕೊಟ್ಟಾಯಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಪಟ್ಟಣವಾಯಿತು, ಆ ಕೆಲಸದಲ್ಲಿ ವಿಶ್ವವಿದ್ಯಾಲಯದ ಹುಡುಗರೂ ಓಡಾಡಿದ್ದರು. ಇದನ್ನು ನಮ್ಮಲ್ಲಿ ಯಾರೂ ಹೇಳುವುದೇ ಇಲ್ಲ ನೋಡಿ. 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾದರು. 1994ರಲ್ಲಿ ಕನ್ನಡಕ್ಕೆ ಆರನೇ ಜ್ಞಾನಪೀಠ ತಂದರು. 2013ರಲ್ಲಿ ಮ್ಯಾನ್ ಬೂಕರ್ ಅಂತರರಾಷ್ಟ್ರೀಯ ಪ್ರಶಸ್ತಿಯ ಕೊನೆಯ ಸುತ್ತಿನ ಹತ್ತು ಮಂದಿಯಲ್ಲಿ ಒಬ್ಬರು. ಪದವಿ ಜಾಸ್ತಿ ಆದಂತೆ ಕಾದಂಬರಿ ಸೊರಗಿತು ಅಂತ ನನ್ನ ದೂರು. 1978ರ ‘ಅವಸ್ಥೆ’ಯ ತನಕ ಇದ್ದ ಬಿಗಿ ‘ಭವ’ದಲ್ಲಿ ಸಡಿಲವಾಯಿತು, ‘ದಿವ್ಯ’ವನ್ನು ನಾನು ಎರಡು ಸಲ ಶುರು ಮಾಡಿ ಎರಡು ಸಲ ಮಡಚಿಟ್ಟಿದ್ದೇನೆ. ಭಾಷಣಕ್ಕೆ ಕರೆದವರಿಗೆಲ್ಲ ಒಪ್ಪಿಕೊಂಡು ಹೋಗದೆ ಮನೆಯಲ್ಲಿ ಕೂತಿದ್ದರೆ ಇನ್ನೆರಡು ಒಳ್ಳೆಯ ಕಾದಂಬರಿ ಸಿಗುತ್ತಿತ್ತೇನೋ. ಅವರ ಆತ್ಮಕಥೆ ‘ಸುರಗಿ’ ಮಾತ್ರ ಬಿಡಬೇಡಿ, ಮಲೆನಾಡಿನ ಬಾಲ್ಯದ ಪುಟಗಳಿಗಾದರೂ ಓದಿ.

ಒಂದು ದೂರು ನನ್ನ ಕಡೆಯವರ ಮೇಲೂ ಇದೆ. ನಾನು ಕೊನೆಗೆ ಕೆಲಸ ಮಾಡಿದ ಕಾಲೇಜಿನ ಲೈಬ್ರರಿಯಲ್ಲಿ ‘ಭಾರತೀಪುರ’ ಇರಲಿಲ್ಲ. ತರಿಸಿ ಅಂತ ಎರಡು ವರ್ಷ ಚೀಟಿ ಬರೆದು ಕೊಟ್ಟೆ. ಮೊದಲ ವರ್ಷ ಅನುದಾನ ಇಲ್ಲ ಅಂದರು. ಎರಡನೇ ವರ್ಷ ಅನುದಾನ ಬಂತು, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಬಂದವು. ಹೆಗ್ಗೋಡಿನ ಅಕ್ಷರ ಪ್ರಕಾಶನದಲ್ಲಿ ಅವರ ಪುಸ್ತಕಗಳು ಸಿಗುತ್ತವೆ, ನಮ್ಮೂರಿನಿಂದ ಬಸ್ಸು ಹತ್ತಿದರೆ ಅರ್ಧ ಗಂಟೆ ದಾರಿ. ನಾನೇ ಹೋಗಿ ಎರಡು ಪ್ರತಿ ತಂದು ಲೈಬ್ರರಿಗೆ ಕೊಟ್ಟು ಬಂದೆ. ಈಚೆಗೆ ಆ ಕಡೆ ಹೋದಾಗ ನೋಡಿದೆ, ಒಂದು ಪ್ರತಿ ಕಪಾಟಿನಲ್ಲಿದೆ, ಇನ್ನೊಂದು ಯಾರೋ ತೆಗೆದುಕೊಂಡು ಹೋದವರು ವಾಪಸ್ ತಂದಿಲ್ಲವಂತೆ. ಲೈಬ್ರರಿಯವರು ದಂಡದ ಲೆಕ್ಕ ಹೇಳುತ್ತಿದ್ದರು. ನನಗಂತೂ ಬಹಳ ಖುಷಿಯಾಯಿತು.

ನಿಮ್ಮಲ್ಲಿ ಒಂದೇ ಕೋರಿಕೆ. ಪ್ರತಿ ವರ್ಷ ಡಿಸೆಂಬರ್ 21ಕ್ಕೆ ಅವರ ಗಡ್ಡದ ಫೋಟೊ, ಪಕ್ಕದಲ್ಲಿ ಪ್ರಶಸ್ತಿಗಳ ಪಟ್ಟಿ, ಕೆಳಗೆ ಹಳೇ ವಿವಾದ, ಇಷ್ಟೇ ಹಾಕುತ್ತೀರಿ. ಈ ಸಲ ಫೋಟೊ ಸ್ವಲ್ಪ ಚಿಕ್ಕದು ಮಾಡಿ, ಅವರ ಮನೆಯವರ ಅನುಮತಿ ಕೇಳಿ, ವೆಂಕಟ ಎಣ್ಣೆ ಹಚ್ಚುವ ಒಂದು ಪುಟ ಹಾಕಿ ನೋಡಿ. ಕಳೆದ ವಾರ ಪತ್ರ ಬರೆದ ಆ ಇಬ್ಬರೂ ಅದನ್ನು ಓದಿ ಮತ್ತೆ ಪತ್ರ ಬರೆದರೆ, ದಯವಿಟ್ಟು ಕತ್ತರಿ ಹಾಕದೆ ಪ್ರಕಟಿಸಿ.

ಇತಿ,
ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು,
ಸಾಗರ